ಅಢಾವೆ ಪತ್ರಿಕೆಯಲ್ಲಿ ಕಾಣದ ಆಸ್ತಿ: ಕುತ್ತಿಗೆ ನೋವು ಮತ್ತು ಫಿಸಿಯೋಥೆರಪಿ ತರಬೇತಿ

ನಮ್ಮ ಸದಸ್ಯ ಘಟಕಗಳಲ್ಲಿ ದುಡಿಯುವವರ ಪೈಕಿ ಅನೇಕರು ದಿನವಿಡೀ ತಲೆ ತಗ್ಗಿಸಿಯೇ ಕೆಲಸ ಮಾಡಬೇಕಾದವರು. ಸಿದ್ಧ ಉಡುಪು ಕಾರ್ಖಾನೆಯ ಹೊಲಿಗೆಯವರು, ಅಕ್ಕಸಾಲಿಗರು, ಗಣಕಯಂತ್ರದ ಮುಂದೆ ಕೂರುವ ಲೆಕ್ಕಪತ್ರ ಗುಮಾಸ್ತರು ಇವರೆಲ್ಲರ ಕಸುಬು ಬೇರೆಯಾದರೂ ಕುತ್ತಿಗೆ, ಬೆನ್ನಿನ ಮೇಲ್ಭಾಗ ಹಾಗೂ ತೋಳಿನ ನೋವು ಮಾತ್ರ ಸಮಾನ. ಇಎಸ್‌ಐ ವ್ಯಾಪ್ತಿಯಲ್ಲಿರುವ ನೌಕರನಿಗೆ ಕಾಯಿಲೆಯ ರಜೆಯಲ್ಲಿ ವೇತನದ ಶೇ. 70ರಷ್ಟು, ವರ್ಷಕ್ಕೆ ಗರಿಷ್ಠ 91 ದಿನಗಳವರೆಗೆ ದೊರೆಯುತ್ತದೆ. ಅದರ ಹೊರಗಿದ್ದು ತುಂಡುಗೂಲಿಗೆ ದುಡಿಯುವವರಿಗೆ ಕೈ ನಿಂತ ದಿನ ಗಳಿಕೆಯೂ ನಿಲ್ಲುತ್ತದೆ. ಆದಕಾರಣ ಈ ನೋವನ್ನು ಕೇವಲ ವೈದ್ಯಕೀಯ ವಿಷಯವೆಂದು ಬದಿಗಿರಿಸದೆ, ವಾಣಿಜ್ಯದ ವಿಷಯವೆಂದೂ ಪರಿಗಣಿಸುವುದು ಸೂಕ್ತ.

ಇಲ್ಲಿರುವ ಮುಖ್ಯ ತೊಡಕು ನೋವಿನ ಮೂಲವನ್ನು ಗುರುತಿಸುವುದು. ತೋಳಿಗೆ ಹೋಗುವ ನರಗಳು ಕುತ್ತಿಗೆಯ ಕೆಳಭಾಗ ಮತ್ತು ಬೆನ್ನಿನ ಮೇಲ್ತುದಿಯಿಂದ ಹೊರಡುತ್ತವೆ. ಹೆಬ್ಬೆರಳಿನ ಜೋಮಿಗೆ ಮಣಿಕಟ್ಟಿನಲ್ಲಿ ನರ ಒತ್ತಿಹೋಗಿರುವುದು ಕಾರಣವಿರಬಹುದು, ಕುತ್ತಿಗೆಯ ಆರನೆಯ ನರಮೂಲಕ್ಕೆ ತೊಂದರೆಯಾಗಿರುವುದೂ ಕಾರಣವಿರಬಹುದು. ಎರಡರ ಚಿಕಿತ್ಸೆಯೂ ಬೇರೆ. ಮೂಲ ಕುತ್ತಿಗೆಯಲ್ಲಿದ್ದು ಮಣಿಕಟ್ಟಿಗೆ ತಿಂಗಳುಗಟ್ಟಲೆ ಶಾಖ ಕೊಟ್ಟರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುತ್ತದೆ. ಹಣವೂ ಕೆಲಸದ ದಿನಗಳೂ ವ್ಯರ್ಥವಾಗುತ್ತವೆ.

ಈ ವಿವೇಚನೆಗೆ ಫಿಸಿಯೋಥೆರಪಿ ಪದವಿಯು ಬುನಾದಿ ಹಾಕುತ್ತದೆ. ಅದು ಹರಿತವಾಗುವುದು ಪದವಿಯ ನಂತರದ ಉನ್ನತ ತರಬೇತಿಯಿಂದ. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿಯವರು ರೂಪಿಸಿದ ಕ್ರಮವನ್ನು ಉದಾಹರಣೆಯಾಗಿ ನೋಡಬಹುದು. ಅದರ ಶಿಕ್ಷಣ ನಾಲ್ಕು ಭಾಗಗಳಲ್ಲಿ ನಡೆಯುತ್ತದೆ. ಎರಡನೆಯ ಭಾಗ ಕುತ್ತಿಗೆ ಮತ್ತು ಬೆನ್ನಿನ ಮೇಲ್ಭಾಗಕ್ಕೆ ಮೀಸಲು. ನಾಲ್ಕನೆಯ ಭಾಗದಲ್ಲಿ ಅದೇ ವಿಷಯದ ಉನ್ನತ ಪಾಠದೊಡನೆ ತೋಳಿನ ಸಮಸ್ಯೆಗಳೂ ಸೇರುತ್ತವೆ. ಬಳಿಕ ಅರ್ಹತಾ ಪರೀಕ್ಷೆ. ರೋಗಿಯಿಂದ ಒಂದೇ ದಿಕ್ಕಿನ ಚಲನೆಯನ್ನು ಮತ್ತೆ ಮತ್ತೆ ಮಾಡಿಸಿ, ನೋವು ಹೇಗೆ ಬದಲಾಗುತ್ತದೆಂದು ನೋಡುವುದು ಈ ಕ್ರಮದ ಜೀವಾಳ. ಬೆರಳ ತುದಿಯ ನೋವು ಮೊಣಕೈಗೆ, ಅಲ್ಲಿಂದ ಭುಜಕ್ಕೆ, ಕುತ್ತಿಗೆಗೆ ಹಿಂದೆ ಸರಿದರೆ ಅದು ಶುಭಸೂಚನೆ. ಆ ಚಲನೆಯನ್ನೇ ರೋಗಿಯು ಮನೆಯಲ್ಲಿ, ಕೆಲಸದ ಸ್ಥಳದಲ್ಲಿ ತಾನೇ ಮಾಡಿಕೊಳ್ಳಬಹುದು. ಕೈಗಳ ಶಕ್ತಿ ಕುಂದುವುದು, ನಡಿಗೆ ತಡವರಿಸುವುದು, ಮೂತ್ರದ ಹಿಡಿತ ತಪ್ಪುವುದು ಮುಂತಾದ ಅಪಾಯದ ಲಕ್ಷಣಗಳನ್ನು ಗುರುತಿಸಿ ವೈದ್ಯರ ಬಳಿಗೆ ಕಳುಹಿಸುವ ಎಚ್ಚರವೂ ಇಂತಹ ತರಬೇತಿಯ ಭಾಗ. ಆಸ್ಟ್ರೇಲಿಯಾದ ಮೈಟ್‌ಲ್ಯಾಂಡ್, ನ್ಯೂಜಿಲೆಂಡಿನ ಮಲ್ಲಿಗನ್ ಅವರ ಕ್ರಮಗಳೂ ಪ್ರಸಿದ್ಧವಾಗಿವೆ.

ಇಂತಹ ಪರಿಣತಿಯಿಂದ ಹಣ ಉಳಿಯುವುದೇ? 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವು 183 ಮಂದಿ ಕುತ್ತಿಗೆ ನೋವಿನ ರೋಗಿಗಳನ್ನು ಒಂದು ವರ್ಷ ಗಮನಿಸಿತು. ಕೈಯಿಂದ ಮಾಡುವ ವಿಶೇಷ ಚಿಕಿತ್ಸೆ ಪಡೆದವರ ಒಟ್ಟು ವೆಚ್ಚ ಸರಾಸರಿ 447 ಯೂರೋ. ಮುಖ್ಯವಾಗಿ ವ್ಯಾಯಾಮವನ್ನೇ ಆಧರಿಸಿದ ಫಿಸಿಯೋಥೆರಪಿಯಲ್ಲಿ ಅದು 1,297, ಕುಟುಂಬ ವೈದ್ಯರ ಆರೈಕೆಯಲ್ಲಿ 1,379 ಯೂರೋ. ಕೆಲಸಕ್ಕೆ ಗೈರಾದ ನಷ್ಟವೂ ಈ ಲೆಕ್ಕದಲ್ಲಿ ಸೇರಿತ್ತು. ಇದು ಮೆಕೆಂಜಿ ಕ್ರಮದ ಪರೀಕ್ಷೆಯಲ್ಲ, ಅಲ್ಲಿನ ದರಗಳು ನಮ್ಮವೂ ಅಲ್ಲ. ಆದರೂ ಚಿಕಿತ್ಸಕನ ಪರಿಣತಿಯು ವೆಚ್ಚವನ್ನು ಎಷ್ಟರಮಟ್ಟಿಗೆ ಬದಲಿಸಬಲ್ಲದೆಂಬುದಕ್ಕೆ ಇದು ಗಮನಾರ್ಹ ನಿದರ್ಶನ.

ಹೀಗಿದ್ದೂ ಚಿಕಿತ್ಸಾಲಯಗಳ ಬಂಡವಾಳ ಹರಿಯುವುದು ಯಂತ್ರಗಳ ಕಡೆಗೆ. ಇದರ ಕಾರಣಗಳಲ್ಲೊಂದು ಲೆಕ್ಕಶಾಸ್ತ್ರದಲ್ಲಿಯೇ ಅಡಗಿದೆ. ಯಂತ್ರ ಕೊಂಡರೆ ಅದು ಅಢಾವೆ ಪತ್ರಿಕೆಯಲ್ಲಿ ಆಸ್ತಿಯಾಗುತ್ತದೆ, ಸವಕಳಿ ದೊರೆಯುತ್ತದೆ, ಅದನ್ನು ಆಧಾರವಾಗಿರಿಸಿ ಬ್ಯಾಂಕು ಸಾಲ ನೀಡುತ್ತದೆ. ತರಬೇತಿಗೆ ವ್ಯಯಿಸಿದ ಹಣವನ್ನು ಲೆಕ್ಕಪತ್ರ ಮಾನಕ 26ರ ಪ್ರಕಾರ ಆಸ್ತಿಯೆಂದು ತೋರಿಸುವಂತಿಲ್ಲ. ಆ ವರ್ಷವೇ ಖರ್ಚು ಬರೆಯಬೇಕು. ಮೇಲಾಗಿ ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿಯಿದ್ದರೂ, ಕಾನೂನಿನ ಮಾನ್ಯತೆಯುಳ್ಳ ಪದವಿಗೆ ಕಾರಣವಾಗದ ಖಾಸಗಿ ತರಬೇತಿಯ ಶುಲ್ಕಕ್ಕೆ ಶೇ. 18 ತೆರಿಗೆಯಿದೆ. ಚಿಕಿತ್ಸಕನ ಸೇವೆಯೇ ವಿನಾಯಿತಿ ಪಡೆದಿರುವುದರಿಂದ ಈ ತೆರಿಗೆಯ ಜಮೆಯೂ ಅವನಿಗೆ ಸಿಗದು. ಕಲಿಯುವವನ ಕೈಯಿಂದಲೇ ಅದು ಹೋಗುತ್ತದೆ. ಮಾನಕದಲ್ಲಿ ದೋಷವಿದೆಯೆಂದು ನಾನು ಹೇಳುತ್ತಿಲ್ಲ. ನೌಕರನ ಜಾಣ್ಮೆಯ ಮೇಲೆ ಸಂಸ್ಥೆಗೆ ಹಿಡಿತವಿಲ್ಲ, ಅವನು ನಾಳೆ ಬಿಟ್ಟು ಹೋಗಬಹುದು ಎಂಬ ತರ್ಕ ಸರಿಯೇ. ಆದರೆ ಅಢಾವೆ ಪತ್ರಿಕೆಯಲ್ಲಿ ಕಾಣದ್ದಕ್ಕೆ ಬೆಲೆಯೇ ಇಲ್ಲವೆಂದು ತಿಳಿಯುವುದು ಸರಿಯಲ್ಲ.

ತರಬೇತಿ ಪಡೆದವನು ಬಿಟ್ಟು ಹೋದರೆ ಗತಿಯೇನೆಂಬ ಶಂಕೆ ಒಬ್ಬ ಮಾಲೀಕನಿಗೆ ಸಹಜ. ಈ ಹೊರೆಯನ್ನು ಹಲವರು ಹಂಚಿಕೊಂಡಾಗ ಶಂಕೆಯ ತೂಕ ಇಳಿಯುತ್ತದೆ. ಚಿಕಿತ್ಸಕನು ಒಂದು ಚಿಕಿತ್ಸಾಲಯ ಬಿಟ್ಟು ಮತ್ತೊಂದನ್ನು ಸೇರಿದರೂ ಊರಿನಲ್ಲಿಯೇ ಇದ್ದರೆ ಪ್ರಯೋಜನ ನಮ್ಮ ಕಾರ್ಮಿಕರಿಗೇ. ಈ ದಿಸೆಯಲ್ಲಿ ನಮ್ಮ ವಾಣಿಜ್ಯ ಮಂಡಳಿಯ ಪರಿಶೀಲನೆಗೆ ಮೂರು ಸಲಹೆಗಳು:

1. ಆಸಕ್ತ ಸದಸ್ಯರಿಂದ ವಂತಿಗೆ ಪಡೆದು ಪ್ರತಿ ವರ್ಷ ಇಬ್ಬರು ಸ್ಥಳೀಯ ಫಿಸಿಯೋಥೆರಪಿಸ್ಟರ ಉನ್ನತ ತರಬೇತಿಯ ಅರ್ಧ ಶುಲ್ಕ ಭರಿಸುವುದು. ಪ್ರತಿಯಾಗಿ ಅವರು ಎರಡು ವರ್ಷ, ವಾರಕ್ಕೊಂದು ದಿನ ಸದಸ್ಯ ಘಟಕಗಳಲ್ಲಿ ಸೇವೆ ಸಲ್ಲಿಸುವ ಲಿಖಿತ ಒಪ್ಪಂದ ಮಾಡಿಕೊಳ್ಳುವುದು.

2. ಹಾಜರಾತಿಗಷ್ಟೇ ಪ್ರಮಾಣಪತ್ರ ಕೊಡುವ ವಾರಾಂತ್ಯದ ಶಿಬಿರಗಳನ್ನು ಬಿಟ್ಟು, ಪರೀಕ್ಷೆಯುಳ್ಳ ತರಬೇತಿಗಳಿಗೆ ಮಾತ್ರ ನೆರವು ನೀಡುವುದು.

3. ನೋವಿನಿಂದ ಕಳೆದ ಕೆಲಸದ ದಿನಗಳನ್ನು ಪ್ರತಿ ಘಟಕವೂ ಮೊದಲೇ ದಾಖಲಿಸಿಟ್ಟು, ವರ್ಷದ ಕೊನೆಯಲ್ಲಿ ಹೋಲಿಸಿ ನೋಡುವುದು. ಲಾಭ ಕಾಣದಿದ್ದರೆ ಯೋಜನೆಯನ್ನು ನಿಲ್ಲಿಸುವುದು.

ಕೂರುವ ಆಸನ, ಮೇಜಿನ ಎತ್ತರ, ನಡುವೆ ಬಿಡುವು ಇವನ್ನು ಸರಿಪಡಿಸುವ ಹೊಣೆ ಮಾಲೀಕರದೇ. ಚಿಕಿತ್ಸಕನು ಅದಕ್ಕೆ ಬದಲಿಯಾಗಲಾರ. ಹೊಲಿಗೆ ಯಂತ್ರ ಕೆಟ್ಟರೆ ನುರಿತ ಮೆಕ್ಯಾನಿಕ್‌ನನ್ನು ಹುಡುಕಿ ಕರೆಸುವ ನಾವು, ಆ ಯಂತ್ರ ನಡೆಸುವ ಕೈಗೂ ಅಷ್ಟೇ ನುರಿತವರು ದೊರೆಯುವಂತೆ ಮಾಡಬೇಕಾಗಿದೆ. ಮುಂದಿನ ಸಾಲಿನ ಆಯವ್ಯಯ ಸಿದ್ಧಪಡಿಸುವಾಗ ಸದಸ್ಯರು ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ವಿನಂತಿಸುತ್ತೇನೆ.