ಹಬ್ಬದ ವಾರ ನೋಡಿ ಸಾನ್‌ರೆಮೋಗೆ ಕಳಿಸಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುರವಣಿಯಲ್ಲಿ ಇಟಲಿಯ ಕಡಲತಡಿಯ ಊರು ಸಾನ್‌ರೆಮೋ ಬಗ್ಗೆ ಬಂದ ಲೇಖನ ಓದಿದೆ. ಫೆಬ್ರವರಿಯಲ್ಲಿ ನಡೆಯುವ ಹಾಡಿನ ಹಬ್ಬದ ವಾರದಲ್ಲೇ ಹೋಗಿ, ಆ ಊರು ನೋಡಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ ಎಂದು ಅದರಲ್ಲಿದೆ. ತೂರಿನ್‌ನಲ್ಲಿ ನೆಲೆಸಿ, ಸಾನ್‌ರೆಮೋಗೆ ಹಬ್ಬದಲ್ಲೂ ಹಬ್ಬವಿಲ್ಲದಾಗಲೂ ಹೋಗಿಬಂದಿರುವ ನಾನು ಈ ಸಲಹೆಯನ್ನು ಒಪ್ಪಲಾರೆ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ವರ್ಷಗಟ್ಟಲೆ ಕೂಡಿಟ್ಟ ದುಡ್ಡಿನಲ್ಲಿ ಯುರೋಪಿಗೆ ಬರುವ ಕುಟುಂಬಗಳನ್ನು ಇದು ದಾರಿ ತಪ್ಪಿಸುತ್ತದೆ.

ಹಬ್ಬ ನಡೆಯುವುದು ಅರಿಸ್ಟನ್ ಥಿಯೇಟರಿನಲ್ಲಿ. ಇರುವುದೇ ಸುಮಾರು ಎರಡು ಸಾವಿರ ಸೀಟು. ಕೆಳಗಿನ ಸಾಲುಗಳಲ್ಲಿ ಐದೂ ರಾತ್ರಿ ಕೂರಬೇಕೆಂದರೆ ಸಾವಿರ ಯೂರೋಗೂ ಮೇಲೆ ಬೇಕು. ದುಡ್ಡಿದ್ದರೂ ಟಿಕೆಟ್ ಸಿಗುವ ಭರವಸೆಯಿಲ್ಲ. ಉಳಿದವರು ತಂತಿಬೇಲಿಯ ಆಚೆ ನಿಂತು ಗಾಯಕರ ಕಾರುಗಳನ್ನು ನೋಡಬೇಕು. ಪಿಯಾತ್ಸಾ ಕೊಲಂಬೋ ಚೌಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಬಯಲು ವೇದಿಕೆ ಹಾಕುತ್ತಿದ್ದಾರೆ, ಅದು ಒಳ್ಳೆಯ ಕೆಲಸ. ಆದರೆ ಸ್ಪರ್ಧೆಯ ಹಾಡುಗಳನ್ನು ನಿಜವಾಗಿ ಕೇಳುವವರು ಮನೆಯಲ್ಲಿ ಟಿ.ವಿ. ಮುಂದೆ ಕೂತಿರುತ್ತಾರೆ. ತೂರಿನ್‌ನ ನಮ್ಮ ಬೀದಿಯಲ್ಲೂ ಆ ರಾತ್ರಿಗಳಲ್ಲಿ ಪ್ರತಿ ಕಿಟಕಿಯಿಂದ ಅದೇ ಹಾಡು ಕೇಳುತ್ತದೆ. ಆ ವಾರ ಹೋಟೆಲ್ ಕೋಣೆಯ ಬೆಲೆ ಹಲವು ಪಟ್ಟು ಏರುತ್ತದೆ. ವೀಸಾ ಅರ್ಜಿಗೆ ಕೋಣೆ ಕಾದಿರಿಸಿದ ದಾಖಲೆ ತೋರಿಸಲೇಬೇಕಾದ ನಮ್ಮವರಿಗೆ ಇದು ಸಣ್ಣ ಪೆಟ್ಟಲ್ಲ.

ಈ ಹಬ್ಬ ಹುಟ್ಟಿದ್ದೇ ಬೇರೆ ಉದ್ದೇಶಕ್ಕೆ. 1951ರ ಜನವರಿ ಕೊನೆಯಲ್ಲಿ, ಚಳಿಗಾಲದ ಖಾಲಿ ದಿನಗಳಲ್ಲಿ ಊರಿಗೆ ಜನ ಬರಲೆಂದು, ಕಸೀನೋದ ಸಭಾಂಗಣದಲ್ಲಿ ಮೂರು ರಾತ್ರಿ ಹಾಡಿಸಿದರು. ಕೇಳುಗರು ಊಟದ ಮೇಜುಗಳ ಸುತ್ತ ಕೂತಿದ್ದರು, ರೇಡಿಯೋ ಅದನ್ನು ಪ್ರಸಾರ ಮಾಡಿತು. ಗೆದ್ದ ನಿಲ್ಲಾ ಪಿತ್ಸಿ ಹಾಡಿದ್ದು ಹೂಗಳಿಗೆ ಕೃತಜ್ಞತೆ ಹೇಳುವ ಹಾಡನ್ನು. ಹೂವಿನ ಬೇಸಾಯದಿಂದ ಬದುಕುವ ಊರಿಗೆ ಅದು ಒಪ್ಪುವಂತಿತ್ತು. 1977ರಲ್ಲಿ ಹಬ್ಬ ಅರಿಸ್ಟನ್‌ಗೆ ಬಂತು. ಊರಿಗೆ ಜನರನ್ನು ಕರೆಯಲು ಶುರುವಾದದ್ದೇ ಇಂದು ಆ ವಾರ ಸಾಮಾನ್ಯ ಪ್ರವಾಸಿಗೆ ಊರಿನ ಬಾಗಿಲು ಮುಚ್ಚುತ್ತಿದೆ.

ನಿಮ್ಮ ಲೇಖನದಲ್ಲಿ ಊರಿನ ಬಗ್ಗೆ ಇದ್ದದ್ದು ಒಂದೇ ಪ್ಯಾರಾ. ಗುಡ್ಡಕ್ಕೆ ಅಂಟಿಕೊಂಡಿರುವ ಹಳೆಯ ಊರು ಲಾ ಪಿನ್ಯಾದ ಹೆಸರೇ ಇಲ್ಲ. ಕಮಾನುಗಳ ಕೆಳಗೆ ಹಾದು, ಮೆಟ್ಟಿಲು ಹತ್ತಿ ಮೇಲಿನ ಮದೊನ್ನಾ ದೆಲ್ಲಾ ಕೋಸ್ತಾ ಇಗರ್ಜಿ ತಲುಪಿದರೆ ಕೊಲ್ಲಿ ಪೂರ್ತಿ ಕಾಣುತ್ತದೆ. ಸಮುದ್ರದ ಅಂಚಿನಲ್ಲಿ ಓಡುತ್ತಿದ್ದ ರೈಲು ಹಳಿಯನ್ನು 2001ರಲ್ಲಿ ಗುಡ್ಡದೊಳಗಿನ ಸುರಂಗಕ್ಕೆ ಸರಿಸಿದರು. ಹಳೆಯ ಹಾದಿ ಈಗ ಒಸ್ಪೆದಲೆತ್ತಿಯಿಂದ ಸಾನ್ ಲೊರೆಂಜೊವರೆಗೆ ಸುಮಾರು 24 ಕಿಲೋಮೀಟರ್ ಸೈಕಲ್ ದಾರಿ. ಅರ್ಧದಷ್ಟಾದರೂ ತುಳಿಯದೆ ಆ ಊರು ಬಿಡಬಾರದು. ಡೈನಮೈಟ್ ಕಂಡುಹಿಡಿದ ಆಲ್‌ಫ್ರೆಡ್ ನೊಬೆಲ್ ಕೊನೆಯುಸಿರೆಳೆದ ಮನೆ ಇಲ್ಲಿದೆ. 1873ರಿಂದ ಒಂದು ವರ್ಷಕ್ಕೂ ಮಿಗಿಲಾಗಿ ಭಾರತ ಸುತ್ತಿ ಚಿತ್ರ ಬರೆದ ಎಡ್ವರ್ಡ್ ಲಿಯರ್ ಇಲ್ಲೇ ತೀರಿಕೊಂಡರು, ಸಮಾಧಿಯೂ ಇಲ್ಲೇ. 1920ರ ಏಪ್ರಿಲ್‌ನಲ್ಲಿ ಬ್ರಿಟನ್, ಫ್ರಾನ್ಸ್‌ಗಳು ಸಿರಿಯಾ, ಪ್ಯಾಲೆಸ್ಟೈನ್, ಇರಾಕ್‌ಗಳ ಆಡಳಿತವನ್ನು ಹಂಚಿಕೊಳ್ಳಲು ತೀರ್ಮಾನಿಸಿದ್ದು ಈ ಊರಿನ ಒಂದು ಬಂಗಲೆಯಲ್ಲಿ. ಪತ್ರಿಕೆಯ ಮುಖಪುಟದಲ್ಲಿ ಇಂದಿಗೂ ಬರುವ ಜಗಳದ ಒಂದು ಬೇರು ಅಲ್ಲಿದೆ ಎಂಬುದನ್ನು ಪ್ರವಾಸ ಪುರವಣಿ ಹೇಳಬೇಡವೇ?

ಇಲ್ಲೇ ಬೆಳೆದ ಲೇಖಕ ಇತಾಲೋ ಕಾಲ್ವಿನೋ ಈ ಕರಾವಳಿಯ ತೋಟಗಳನ್ನು ಕಡಿದು ಮೇಲೆದ್ದ ಅಪಾರ್ಟ್‌ಮೆಂಟ್‌ಗಳ ಬಗ್ಗೆ 1957ರಲ್ಲೇ ಕಾದಂಬರಿ ಬರೆದರು. ಆ ಕಾಂಕ್ರೀಟು ಈಗಲೂ ಕಣ್ಣಿಗೆ ಚುಚ್ಚುತ್ತದೆ, ಅದನ್ನೂ ಓದುಗರಿಗೆ ತಿಳಿಸಬೇಕು.

ಇನ್ನೊಂದು ವಿಷಯ. ಹಬ್ಬವನ್ನು ಸರ್ಕಾರಿ ಪ್ರಸಾರ ಸಂಸ್ಥೆ ರಾಯ್‌ನ ಸ್ವಂತ ಸೊತ್ತು ಎಂಬಂತೆ ಲೇಖನ ಬಣ್ಣಿಸಿದೆ. ಆ ಹೆಸರಿನ ಹಕ್ಕು ಇರುವುದು ಸಾನ್‌ರೆಮೋ ನಗರಾಡಳಿತಕ್ಕೆ. ಟೆಂಡರ್ ಕರೆಯದೆ ಅದನ್ನು ನೇರವಾಗಿ ರಾಯ್‌ಗೆ ವಹಿಸುತ್ತಿದ್ದುದು ಕಾನೂನಿಗೆ ವಿರುದ್ಧ ಎಂದು ಲಿಗೂರಿಯಾದ ಆಡಳಿತ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಮರುವರ್ಷ ಮೇಲಿನ ನ್ಯಾಯಾಲಯವೂ ಎತ್ತಿಹಿಡಿಯಿತು. ಹಬ್ಬ ಊರಿನ ಆಸ್ತಿ ಎಂದಾದ ಮೇಲೆ ಅದರ ಹಣ ಲಾ ಪಿನ್ಯಾದ ಬಿರುಕುಬಿಟ್ಟ ಮನೆಗಳವರೆಗೆ ತಲುಪಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪ್ರವಾಸಿಯೂ ಉಳಿದ ತಿಂಗಳುಗಳಲ್ಲಿ ಬಂದರೆ ಆ ಓಣಿಯ ಸಣ್ಣ ಅಂಗಡಿಗಳಿಗೆ ನಾಲ್ಕು ಕಾಸು ಸೇರುತ್ತದೆ.

ಮುಂದಿನ ಪುರವಣಿಯಲ್ಲಿ ದಯವಿಟ್ಟು ಇಷ್ಟಾದರೂ ತಿದ್ದುಪಡಿ ಹಾಕಿ. ಊರು ನೋಡುವವರು ಏಪ್ರಿಲ್, ಮೇನಲ್ಲಿ ಅಥವಾ ಅಕ್ಟೋಬರ್‌ನಲ್ಲಿ ಬರಲಿ. ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಫ್ರಾನ್ಸಿನ ನೀಸ್, ಅಲ್ಲಿಂದ ವೆಂತಿಮಿಲ್ಯದಲ್ಲಿ ರೈಲು ಬದಲಿಸಿದರೆ ಸಾಕು. ಹಬ್ಬವನ್ನೇ ನೋಡಬೇಕೆನ್ನುವವರು ಅರಿಸ್ಟನ್ ಟಿಕೆಟ್ ಕೈಸೇರುವ ತನಕ ವಿಮಾನಕ್ಕೆ ದುಡ್ಡು ಕಟ್ಟದಿರಲಿ.

ಇತಿ,
ನಿಮ್ಮ ಓದುಗರಲ್ಲೊಬ್ಬರು, ತೂರಿನ್