ಕೆರೆಗೆ ಬೇಕಿರುವುದು ಅಲಂಕಾರವಲ್ಲ, ಜೀವಂತ ದಡ

ಬೆಂಗಳೂರಿನ ಉಲ್ಲಾಳದಂಥ ಬಡಾವಣೆ ಕೆರೆಗಳು ಜನರಿಗೆ ಹಿತವಾಗಬೇಕಾದರೆ ಜೊಂಡು, ಪೊದೆ ತೆಗೆದು ಹುಲ್ಲುಹಾಸು, ಟೈಲ್ಸ್ ಹಾದಿ, ಬಣ್ಣದ ದೀಪ ಹಾಕಬೇಕೆಂದು ಲೇಖನವೊಂದರಲ್ಲಿ ಪ್ರಕಟವಾದ ವಾದವನ್ನು ಒಪ್ಪಲಾಗದು. ಜನರ ಹಿತ ಮುಖ್ಯವೆಂಬುದರಲ್ಲಿ ತಕರಾರಿಲ್ಲ. ಆ ಹಿತ ಎಲ್ಲಿಂದ ಬರುತ್ತದೆ ಎಂಬುದರಲ್ಲೇ ಆ ಲೇಖನ ಎಡವಿದೆ. ಕಿಟಕಿಯಾಚೆ ಇಟ್ಟಿಗೆ ಗೋಡೆ ಕಂಡವರಿಗಿಂತ ಮರ ಕಂಡ ಶಸ್ತ್ರಚಿಕಿತ್ಸೆಯ ರೋಗಿಗಳು ಬೇಗ ಮನೆಗೆ ಮರಳಿದರೆಂದು ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲೇ ತೋರಿಸಿದರು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಮುಂದೆ ಹೋಯಿತು: ಉದ್ಯಾನದಲ್ಲಿ ಸಸ್ಯವೈವಿಧ್ಯ ಹೆಚ್ಚಿದಂತೆ ಅಲ್ಲಿಗೆ ಬರುವವರ ಮನಸ್ಸಿಗೆ ಸಿಗುವ ನೆಮ್ಮದಿಯೂ ಹೆಚ್ಚಿತ್ತು. ಅಂದರೆ ಒಂದೇ ಜಾತಿಯ ಹುಲ್ಲುಹಾಸಿಗಿಂತ ಹೊಂಗೆ, ನೇರಳೆ, ಅತ್ತಿ, ಜೊಂಡು ಬೆರೆತ ದಡವೇ ನಮಗೆ ಹೆಚ್ಚು ಕೊಡಬಲ್ಲದು.

ಪೊದೆಯಿದ್ದರೆ ಸೊಳ್ಳೆ, ಕತ್ತಲಿದ್ದರೆ ಭಯ ಎಂಬ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಕ್ಯೂಲೆಕ್ಸ್ ಸೊಳ್ಳೆ ಹೆಚ್ಚುವುದು ನಿಂತ ಕೊಳಚೆ ನೀರಿನಲ್ಲಿ. ಅದರ ಮರಿಗಳನ್ನು ತಿನ್ನುವ ಮೀನು, ಏರೋಪ್ಲೇನ್ ಚಿಟ್ಟೆಯ ಮರಿಗಳಿಗೆ ಆಸರೆ ಕೊಡುವುದು ಜೀವಂತ ದಡ. ಒಳಚರಂಡಿ ನೀರನ್ನು ತಡೆಯದೆ ಜೊಂಡು ಕಿತ್ತರೆ ಸೊಳ್ಳೆ ಉಳಿಯುತ್ತದೆ, ಹಕ್ಕಿ ಹೋಗುತ್ತದೆ. ಸುರಕ್ಷತೆಗೆ ಹಾದಿಯ ಮೇಲಷ್ಟೇ ಬೀಳುವ ತಗ್ಗಿನ ದೀಪ ಸಾಕು. ವೃದ್ಧರಿಗೆ, ಗಾಲಿಕುರ್ಚಿಯವರಿಗೆ ಒಂದು ಬದಿ ಸಮತಟ್ಟಾದ ಹಾದಿ, ನೆರಳಿನ ಬೆಂಚು ಇರಲಿ. ಇನ್ನೊಂದು ಬದಿ ಹಕ್ಕಿಗಳಿಗಿರಲಿ. ನೆರೆಯ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಹಸಿರನ್ನು ಉಳಿಸಬೇಕೆನ್ನುವ ನಾವು ಉಲ್ಲಾಳದಲ್ಲಿ ಅದಕ್ಕಿಂತ ಕಡಿಮೆ ಕೇಳಬಾರದು. ಕೆರೆಯ ಹಣ ಮೊದಲು ಶುದ್ಧ ನೀರಿಗೆ, ಆಮೇಲೆ ದಡಕ್ಕೆ, ಕೊನೆಗೆ ಅಲಂಕಾರಕ್ಕೆ ಹೋಗಲಿ.