ಸಮಾಜಶಾಸ್ತ್ರ ಓದಿದವರ ಅನ್ನದ ದಾರಿ

ಸಮಾಜಶಾಸ್ತ್ರವನ್ನು ಓದಿದವರಿಗೆ ಉದ್ಯೋಗವೇನು ಎಂಬ ಪ್ರಶ್ನೆಗೆ ನಮ್ಮ ಕಾಲೇಜುಗಳಲ್ಲಿ ಎರಡು ಉತ್ತರಗಳು ರೂಢಿಯಲ್ಲಿವೆ. ವಿದ್ಯೆಯನ್ನು ಹೊಟ್ಟೆಪಾಡಿಗೆ ಮಾರಬಾರದೆಂದು ಒಂದು ಪಕ್ಷದವರು ಹೇಳುವರು, ಬಿ.ಎಡ್. ಮಾಡಲಿ, ಇಲ್ಲವೆ ಸ್ಪರ್ಧಾಪರೀಕ್ಷೆಗೆ ಕುಳಿತುಕೊಳ್ಳಲಿ ಎಂದು ಹೇಳಿ ಇನ್ನೊಂದು ಪಕ್ಷದವರು ತಮ್ಮ ಹೊಣೆ ತೀರಿತೆಂದು ಬಗೆಯುವರು. ಎರಡೂ ಆ ಶಾಸ್ತ್ರಕ್ಕೆ ಮಾಡಿದ ಅಪಚಾರವೆಂದೇ ನಮ್ಮ ಅಭಿಪ್ರಾಯ.

ಮೊದಲನೆಯ ಮಾತನ್ನಾಡತಕ್ಕವರು ತಿಂಗಳ ಸಂಬಳವನ್ನು ಎಣಿಸಿಕೊಳ್ಳುತ್ತಲೇ ಆಡುತ್ತಾರೆ. ಸಾಲಮಾಡಿ ಮಗಳನ್ನು ಪಟ್ಟಣಕ್ಕೆ ಓದಲು ಕಳುಹಿಸಿದ ರೈತನ ಮುಂದೆ ಅದನ್ನು ಹೇಳುವ ಧೈರ್ಯ ಅವರಿಗುಂಟೆ? ಎರಡನೆಯದು ಇನ್ನೂ ವಿಚಿತ್ರ. ಮೂರು ವರ್ಷ ಒಂದು ವಿದ್ಯೆಯನ್ನು ಕಲಿಸಿ, ಇದರಿಂದ ಪ್ರಯೋಜನವಿಲ್ಲ, ಬೇರೊಂದನ್ನು ಕಲಿ ಎನ್ನುವುದು, ಬಾವಿ ತೋಡಿಸಿ ನೀರಿಗೆ ನೆರೆಮನೆಗೆ ಅಟ್ಟಿದಂತೆ.

ಈ ಶಾಸ್ತ್ರದೊಳಗೇ ಒಂದು ಕಸುಬು ಅಡಗಿದೆ. ಜನರ ನಡುವೆ ಕುಳಿತು ವಿಚಾರಿಸುವುದು, ಕಂಡುದನ್ನು ಅಂದಂದೇ ಬರೆದಿಡುವುದು, ಲೆಕ್ಕಹಾಕಿ ಕೋಷ್ಟಕಕ್ಕೆ ಇಳಿಸುವುದು, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ವರದಿ ಮಾಡುವುದು—ಇದೇ ಆ ಕಸುಬು. ಮೈಸೂರಿನವರಾದ ಎಂ. ಎನ್. ಶ್ರೀನಿವಾಸರು 1948ರಲ್ಲಿ ಹಳ್ಳಿಯೊಂದರಲ್ಲಿ ನೆಲಸಿ, ಅದಕ್ಕೆ ರಾಂಪುರವೆಂದು ಹೆಸರಿಟ್ಟು, ಅಲ್ಲಿನ ಬಾಳನ್ನು ಜಗತ್ತಿಗೆ ತಿಳಿಸಿದರು. ಅವರ ಸಿದ್ಧಾಂತಗಳನ್ನು ಉರುಹೊಡೆಯಿಸಿ ಅಂಕ ಕೊಡುವ ನಾವು, ಎಷ್ಟು ಮಂದಿ ವಿದ್ಯಾರ್ಥಿಗಳನ್ನು ಒಂದು ಹಳ್ಳಿಗಾದರೂ ಕಳುಹಿಸಿದ್ದೇವೆ?

ಈ ಕಸುಬು ಯಾರಿಗೂ ಬೇಡವೆನ್ನುವುದು ಸುಳ್ಳು. 1972ರಲ್ಲಿ ನೇಮಕವಾದ ಹಾವನೂರರ ಆಯೋಗವು 1975ರಲ್ಲಿ ವರದಿಯನ್ನೊಪ್ಪಿಸಿತು. 2015ರಲ್ಲಿಯೂ 2025ರಲ್ಲಿಯೂ ರಾಜ್ಯವು ಮನೆಮನೆಯ ಸಮೀಕ್ಷೆಯನ್ನು ನಡೆಸಿತು. ಈ ಎರಡು ಸಮೀಕ್ಷೆಗಳಿಗೂ ಬಹುಮಟ್ಟಿಗೆ ಶಾಲೆಯ ಉಪಾಧ್ಯಾಯರನ್ನೇ ಕಳುಹಿಸಲಾಯಿತು. ಜನರನ್ನು ವಿಚಾರಿಸುವ ಶಾಸ್ತ್ರದಲ್ಲಿಯೇ ಪದವಿ ಪಡೆದವರು ಸರ್ಕಾರದ ನೆನಪಿಗೆ ಬರಲಿಲ್ಲವೇಕೆ? ಆ ಕೆಲಸ ಅವರಿಗೆ ಬರುವುದೆಂಬ ನಂಬಿಕೆ ಕಲಿಸಿದ ಕಾಲೇಜಿಗೇ ಇರಲಿಲ್ಲ. ಸಮೀಕ್ಷೆಯು ನಾಲ್ಕು ದಿನದ ಕೆಲಸವೆಂದು ಆಕ್ಷೇಪಿಸುವವರುಂಟು. ವರ್ಷವರ್ಷವೂ ಯೋಜನೆ ಹಾಕುವ ಪಂಚಾಯಿತಿಗೂ, ರೋಗಿಯ ಮನೆಯ ಸ್ಥಿತಿಯನ್ನು ಅರಿಯಬೇಕಾದ ಆಸ್ಪತ್ರೆಗೂ, ಊರಿನ ಸುದ್ದಿ ಬರೆಯುವ ಪತ್ರಿಕೆಗೂ ಬೇಕಾದುದು ಇದೇ ಕೈಚಳಕವಲ್ಲವೆ?

ಆದುದರಿಂದ ಪದವಿಗೆ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಊರಿನ 50 ಮನೆಗಳನ್ನು ವಿಚಾರಿಸಿ, ವರದಿ ಬರೆದು, ಆ ಊರಿನವರ ಮುಂದೆಯೇ ಓದತಕ್ಕದ್ದು. ತಪ್ಪಿದ್ದರೆ ಅವರೇ ತಿದ್ದುವರು. ಆ ವರದಿಗೆ ಒಂದು ಪ್ರಶ್ನಪತ್ರಿಕೆಯಷ್ಟು ಅಂಕಗಳಿರಲಿ. ಇದಕ್ಕೆ ಕಟ್ಟಡ ಬೇಡ, ಯಂತ್ರ ಬೇಡ. ಅಧ್ಯಾಪಕರು ಕುರ್ಚಿಯಿಂದ ಎದ್ದು ಜೊತೆಯಲ್ಲಿ ನಡೆಯಬೇಕು, ಅಷ್ಟೆ. ಅದೂ ಆಗದವರು ಆ ರೈತನ ಮಗಳನ್ನು ಸೇರಿಸಿಕೊಳ್ಳುವ ದಿನವೇ ಸತ್ಯವನ್ನು ಹೇಳಿಬಿಡಲಿ.